ಸಪ್ಪಳ ಮಾಡುವ ಆಟ

ಗಂಡನ ಉತ್ತರಕ್ರಿಯೆಯ ದಿನಕಾರ್ಯ ಮುಗಿದ ಮರುದಿನ ಬೆಳಿಗ್ಗೆ ಬನಶ್ರೀ ಚಹಾಕ್ಕೆ ನೀರಿಟ್ಟಳು. ಕೈ ತಾನಾಗಿಯೇ ದೊಡ್ಡ ಬೋಗುಣಿಯನ್ನು ತೆಗೆದುಕೊಂಡಿತ್ತು. ನರಗುಂದದ ಬೀಗರೆಲ್ಲ ನಿನ್ನೆ ಸಂಜೆಯ ಬಸ್ಸಿಗೇ ಹೋದರೆಂಬುದು ನೀರು ಸುರಿದ ಮೇಲೆ ನೆನಪಾಯಿತು. ಅರ್ಧ ನೀರನ್ನು ಬಚ್ಚಲಿಗೆ ಚೆಲ್ಲಿ, ಉಳಿದದ್ದನ್ನು ಸಣ್ಣ ಬೋಗುಣಿಗೆ ಬಗ್ಗಿಸಿದಳು. ಗಂಡ ಸತ್ತ ಮೇಲೆ ಮನೆಯವರಷ್ಟೇ ಇದ್ದ ಮೊದಲ ಬೆಳಗು ಅದು.

ಚಹಾ ಹಿಡಿದು ಪಡಸಾಲೆಗೆ ಬಂದಾಗ ಯಾರೂ ತಲೆ ಎತ್ತಲಿಲ್ಲ. ಮಾವ ವೀರಪ್ಪ ಕಂಬಕ್ಕೆ ಒರಗಿ ಫೋನಿನಲ್ಲಿ ಎಲ್ಲಿಯದೋ ಕುಸ್ತಿ ನೋಡುತ್ತಿದ್ದ. ಅತ್ತೆ ಕಳಕವ್ವ ಗೋಡೆಯ ಕಡೆ ಮುಖ ಮಾಡಿಕೊಂಡು, ಇಷ್ಟು ದಿನ ತಪ್ಪಿಹೋದ ಧಾರಾವಾಹಿಯನ್ನು ಮೊದಲಿನಿಂದ ಹಚ್ಚಿದ್ದಳು. ಆರು ವರ್ಷದ ರೂಪಾ ಅಪ್ಪನ ಫೋನು ಹಿಡಿದು ಕೌದಿಯೊಳಗೆ ಹೊಕ್ಕಿದ್ದಳು. ಕೌದಿಯ ಒಂದು ಮೂಲೆ ಒಳಗಿನಿಂದ ಬೆಳಗುತ್ತಿತ್ತು. ಮೂಲೆಯಲ್ಲಿ, ನೆಲದ ಕುಣಿಯೊಳಗೆ ಕಾಲು ಇಳಿಬಿಟ್ಟು ನೇಯುವ ಕುಣಿಮಗ್ಗದ ಮೇಲೆ, ಗಂಡ ಶಂಭುಲಿಂಗ ಅರ್ಧಕ್ಕೆ ಬಿಟ್ಟ ಸೀರೆಗೆ ಪಂಚೆ ಹೊದಿಸಿದ್ದರು. ಟೀವಿಗೂ ಹೊದಿಸಿದ್ದರು.

ಶಂಭುಲಿಂಗ ರಾಜೂರದ ದಾರಿಯಲ್ಲಿ ಬೈಕಿನಿಂದ ಬಿದ್ದು ಸತ್ತ. ಫೋನು ನೋಡುತ್ತ ಹೊಡೆಯುತ್ತಿದ್ದನಂತೆ ಎಂದು ಓಣಿಯಲ್ಲಿ ಕೆಲವರು ಅಂದರು. ಅವನ ಫೋನು ಆ ಹೊತ್ತಿಗೆ ಮನೆಯಲ್ಲಿ ರೂಪಾಳ ಕೈಯಲ್ಲಿತ್ತು. ಬನಶ್ರೀ ಯಾರಿಗೂ ಅದನ್ನು ಬಿಡಿಸಿ ಹೇಳಲು ಹೋಗಲಿಲ್ಲ.

ಮಣ್ಣು ಮಾಡಿ ಬಂದ ದಿನವೇ ಕಳಕವ್ವನ ಅಣ್ಣ ಎಲ್ಲರ ಫೋನು ಇಸಿದುಕೊಂಡು ಜೋಳದ ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟಿದ್ದ. ಸೂತಕದ ಮನೆ, ದಿನ ಆಗುವ ತನಕ ಯಾರೂ ಮುಟ್ಟಬಾರದು ಎಂದಿದ್ದ. ಹಿರಿಯನ ಮಾತು, ಯಾರೂ ಮೀರಲಿಲ್ಲ. ಮೊದಮೊದಲು ರೂಪಾ ಅತ್ತಳು. ಆಮೇಲೆ ಬೇರೆ ದಾರಿ ಕಾಣದೆ ಅಜ್ಜನ ತೊಡೆಯೇರಿದಳು. ವೀರಪ್ಪನಿಗೂ ಕೈ ಖಾಲಿ. ಅವನು ಮಗನ ಸಣ್ಣಂದಿನ ಸುದ್ದಿ ತೆಗೆದ: ಹುಡುಗ ಮಗ್ಗದ ಕುಣಿಯೊಳಗೆ ಇಳಿದು ನಿದ್ದೆ ಹೋದದ್ದು, ಊರೆಲ್ಲ ಹುಡುಕಿ ಬಾವಿಗೆ ಪಾತಾಳಗರಡಿ ಬಿಟ್ಟದ್ದು, ಕೊನೆಗೆ ನೇಯಲು ಕೂತ ಆ ಹುಡುಗನ ಅಜ್ಜನ ಕಾಲಿಗೆ ಮೆತ್ತಗೆ ಏನೋ ತಾಗಿದ್ದು. ರೂಪಾ ನಕ್ಕಳು. ಬಂದವರ ಮುಂದೆ ಕೂಸು ನಕ್ಕಿತೆಂದು ಕಳಕವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ತಾನೂ ನಕ್ಕಳು, ನಗುತ್ತಲೇ ಅತ್ತಳು. ಅಷ್ಟು ದಿನವೂ ಆ ಮನೆಯಲ್ಲಿ ಒಬ್ಬರ ಮಾತಿಗೆ ಇನ್ನೊಬ್ಬರ ಮಾತು ಸಿಗುತ್ತಿತ್ತು. ಬದುಕಿದ್ದಾಗ ಶಂಭುಲಿಂಗ ಬಯಸಿದ್ದು ಇದನ್ನೇ. ನಿನ್ನೆ ಬೀಗರು ಬಸ್ಸು ಹತ್ತಿದ ಮೇಲೆ ಹಿಟ್ಟಿನ ಡಬ್ಬಿಯ ಹಿಂದಿನಿಂದ ಫೋನುಗಳು ಹೊರಬಿದ್ದವು.

ಶಂಭುಲಿಂಗನಿಗೆ ಮಗಳದೇ ಚಿಂತೆಯಾಗಿತ್ತು. ರೂಪಾ ಮನೆಯಲ್ಲಿ ಕನ್ನಡ ಬಿಟ್ಟು ಫೋನಿನ ಕಾರ್ಟೂನುಗಳ ಹಿಂದಿಯಲ್ಲಿ ನೀರು ಕೇಳತೊಡಗಿದ್ದಳು. ಕರೆದರೆ ತಿರುಗುತ್ತಿರಲಿಲ್ಲ. ಯಾವ ಮಕ್ಕಳ ಜೊತೆಗೂ ಬೆರೆಯುವುದಿಲ್ಲ, ದವಾಖಾನೆಗೆ ತೋರಿಸಿರಿ ಎಂದು ಸಾಲಿಯಲ್ಲಿ ಕಲಿಸುವ ಬಾಯಾರು ಹೇಳಿ ಕಳಿಸಿದ್ದರು. ಧಾರವಾಡದಲ್ಲಿ ಎಂ.ಎ. ಮಾಡಿದ್ದ ಬನಶ್ರೀ ಅವರಿವರು ಬರೆದದ್ದನ್ನು ಓದಿ, ದಿನಕ್ಕೆ ಇಷ್ಟೇ ಹೊತ್ತು ಫೋನು ಎಂದು ನಿಯಮ ಮಾಡಿದಳು. ನಿಯಮ ನಡೆಯಲಿಲ್ಲ. ಕೂಸಿನ ಕೈಯಿಂದ ಕಸಿದುಕೊಂಡರೆ ಅಜ್ಜಿ ತನ್ನದನ್ನು ಕೊಡುತ್ತಿದ್ದಳು.

ಆಗ ಒಂದು ಸಂಜೆ ಶಂಭುಲಿಂಗ ರೋಣದ ರಸ್ತೆಯ ಪಂಕ್ಚರ್ ಅಂಗಡಿಯ ಮೋದಿನಸಾಬನ ಹತ್ತಿರ ಹಳೆಯ ಕೇರಂ ಬೋರ್ಡು ಕಡ ತಂದ. ತಲೆಯ ಮೇಲೆ ಹೊತ್ತುಕೊಂಡು ಬಾಗಿಲಲ್ಲಿ ಹಿಡಿಸದೆ ಅಡ್ಡ ತಿರುಗಿಸಿ ತಂದ. ಫೋನು ಬ್ಯಾಡ ಅನ್ನಬೇಡ, ಕೈಗೆ ಬೇರೆ ಏನರ ಕೊಡು ಎಂಬುದು ಅವನ ಲೆಕ್ಕ. ಆ ಲೆಕ್ಕ ಒಂದಿಷ್ಟು ಕೂಡಿಬಂತು. ಸಣ್ಣಂದಿನಿಂದ ಮಗ್ಗದ ಲಾಳಿ ಎಸೆದ ಕೈ ಕಳಕವ್ವನದು, ಗುರಿ ತಪ್ಪುತ್ತಿರಲಿಲ್ಲ. ವೀರಪ್ಪ ಮೋಸ ಮಾಡುತ್ತಿದ್ದ, ಸಿಕ್ಕಿಬಿದ್ದರೆ ಕಣ್ಣು ಕಾಣೋದಿಲ್ಲ ಎನ್ನುತ್ತಿದ್ದ. ಅಜ್ಜನ ಕಳ್ಳತನ ಹಿಡಿಯಬೇಕೆಂದು ರೂಪಾ ಫೋನು ಬಿಟ್ಟು ಎದ್ದುಬಂದಿದ್ದಳು. ಆ ಕೆಂಪು ಕಾಯಿ ಅಜ್ಜನ ಕಿಸೆಯಲ್ಲಿದೆ ಎಂದು ಅವಳು ಕೂಗಿದ್ದು ಕನ್ನಡದಲ್ಲಿ.

ಈ ಸಂಜೆ ದೀಪ ಹಚ್ಚಿದ ಮೇಲೆ ಬನಶ್ರೀ ಮಗ್ಗದ ಹಿಂದಿನಿಂದ ಬೋರ್ಡು ಎಳೆದಳು. ಅಳು ಬಂದಿದ್ದರೆ ಅಳುತ್ತಿದ್ದಳೇನೋ. ಬರಲಿಲ್ಲ. ಇವತ್ತು ಬಿಟ್ಟರೆ ಕೂಸು ಮತ್ತೆ ಕೈಗೆ ಸಿಗುವುದಿಲ್ಲ ಎಂಬುದೊಂದೇ ಅವಳಿಗೆ ತಿಳಿಯುತ್ತಿತ್ತು. ಪೌಡರು ಉದುರಿಸಿ ಕಾಯಿ ಜೋಡಿಸಿದಳು. ರೂಪಾ ಕೌದಿ ಸರಿಸಿ ನೋಡಿದಳು. ಫೋನನ್ನು ನೆಲದ ಮೇಲೆ ಮಗುಚಿಟ್ಟು ಬಂದು ಎದುರಿಗೆ ಕೂತಳು. ಬನಶ್ರೀ ಸ್ಟ್ರೈಕರು ಹೊಡೆದಳು. ಮಗ್ಗ ನಿಂತ ಆ ಮನೆಯಲ್ಲಿ ಆ ಟಕ್ಕೆನ್ನುವ ಸಪ್ಪಳ ಬಲು ದೊಡ್ಡದಾಗಿ ಕೇಳಿತು. ರೂಪಾ ಹೊಡೆದಳು. ಒಂದು ಕಾಯಿ ಬೋರ್ಡಿನ ಮೂಲೆಯ ಕುಣಿಗೆ ಬಿತ್ತು. "ಬಿತ್ತು ನೋಡಬೇ," ಅಂದಳು.

ಮೂರನೆಯ ಏಟಿಗೆ ಹೊಸ್ತಿಲಲ್ಲಿ ನೆರೆಮನೆಯ ಗಾಳೆವ್ವ ನಿಂತಿದ್ದಳು.

"ಏನೋ ಬಡದಂಗ ಕೇಳ್ತು," ಅಂದಳು. "ಮಗ್ಗಾ ಚಾಲೂ ಮಾಡಿದ್ರೇನ ಅಂತ ನೋಡಾಕ ಬಂದೆ. ಆಟಾ ಆಡಾಕತ್ತೀರೇನು? ಚಲೋ ಆತು ಬಿಡವಾ, ಲಗೂನ ಹಗುರಾದ್ರಿ."

ಇಷ್ಟು ಹೇಳಿ ಅವಳು ಹೋದಳು. ಕಳಕವ್ವ ಫೋನಿನಿಂದ ತಲೆ ಎತ್ತಿದಳು. ಮುಖ ಕಪ್ಪಿಟ್ಟಿತ್ತು.

"ತಗದಿಡು ಅದನ್ನ."

"ಕೂಸಿನ ಜೋಡಿ ಅಷ್ಟರಿ, ಅತ್ತಿ. ನೀವೂ ಬರ್ರಿ."

"ನಾನೂ ಬರ್ಲಾ? ಮಗನ ಮಣ್ಣಿನ ಮ್ಯಾಲೆ ಹುಲ್ಲ ಹುಟ್ಟಿಲ್ಲ. ವರ್ಷದ್ದು ಆಗೂತನಕ ಈ ಮನ್ಯಾಗ ಹಬ್ಬಿಲ್ಲ, ಆಟಿಲ್ಲ. ನಾಳೆ ನೀರಿಗೆ ಹೋದ್ರ ಓಣಿ ಮಂದಿ ನಿನ್ನ ಹ್ಯಾಂಗ ನೋಡ್ತಾರ, ತಿಳೀತೈತೇನು?"

ಬನಶ್ರೀ ಸ್ಟ್ರೈಕರನ್ನು ಬೋರ್ಡಿನ ಮೇಲಿಟ್ಟಳು.

"ಫೋನ್ ನೋಡೂದು ನಡೀತೈತೇನ್ರಿ ಹಂಗಾದ್ರ?"

ಕಳಕವ್ವ ಕೈಯಲ್ಲಿದ್ದುದನ್ನು ನೋಡಿಕೊಂಡಳು. ಅದರಲ್ಲಿ ಯಾವುದೋ ಮನೆಯ ಸೊಸೆ ಬಾಯಿ ಆಡಿಸುತ್ತ ನಿಂತಿದ್ದಳು, ದನಿ ಪೂರಾ ಇಳಿಸಿತ್ತು. "ಇದು ಸಪ್ಪಳ ಮಾಡೂದಿಲ್ಲ," ಎಂದು ಕಳಕವ್ವ ಮೆತ್ತಗೆ ಹೇಳಿದಳು. "ಇದನ್ನರ ನೋಡ್ಲಿಲ್ಲಂದ್ರ ನಾ ಹ್ಯಾಂಗ ಹೊತ್ತ ಕಳೀಲಿ, ಹೇಳು."

ಅತ್ತೆ ಹೇಳಿದ್ದು ಸುಳ್ಳಾಗಿರಲಿಲ್ಲ.

ಅವಳು ಮಾವನ ಕಡೆ ತಿರುಗಿದಳು. ಆಟ ಬೇಡವಾದರೆ ಬೇಡ, ಮಗ್ಗದ ಕುಣಿಯೊಳಗೆ ಮಗ ನಿದ್ದೆ ಹೋದ ಸುದ್ದಿಯನ್ನಾದರೂ ಕೂಸಿಗೆ ಇನ್ನೊಮ್ಮೆ ಹೇಳಿರೆಂದು ಕೇಳಿದಳು. ವೀರಪ್ಪ ಕುಸ್ತಿಯಿಂದ ಕಣ್ಣು ಕೀಳದೆ, ಒಮ್ಮೆ ಹೇಳೇನಲ್ಲ ಅಂದ. ಸತ್ತವನು ಕಡ ತಂದದ್ದನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು, ಅವನ ಜೀವ ಅಲ್ಲೇ ಸುಳಿಯುತ್ತದೆ, ನಾಳೆ ಸಾಬನಿಗೆ ಮುಟ್ಟಿಸಿ ಬಾ ಎಂದೂ ಅಂದ. ಆಮೇಲೆ ಬಹಳ ಹೊತ್ತು ಅವನ ಹೆಬ್ಬೆರಳು ಆಡಲಿಲ್ಲ. ಆಟ ಮುಗಿದ ಪೈಲ್ವಾನರು ತೆರೆಯ ಮೇಲೆ ಹಾಗೇ ನಿಂತಿದ್ದರು. ಬನಶ್ರೀ ಕಾದಳು. ಹೆಬ್ಬೆರಳು ಮೇಲಕ್ಕೆ ಸರಿಯಿತು, ಇನ್ನೊಂದು ಕುಸ್ತಿ ಬಂತು.

ರೂಪಾ ಆಗಲೇ ಕೌದಿಗೆ ಹೋಗಿದ್ದಳು. ಬನಶ್ರೀ ಪಕ್ಕದಲ್ಲಿ ಮಲಗಿ, ನಿನಗೆ ಅಪ್ಪನ ಸುದ್ದಿ ನಾನೇ ಹೇಳಲೇ ಎಂದು ಕೇಳಿದಳು. "ಮುಝೇ ಪತಾ ಹೈ," ನನಗೆ ಗೊತ್ತು ಎಂದು ಹಿಂದಿಯಲ್ಲೇ ಅಂದಳು ರೂಪಾ, ತೆರೆಯ ಮೇಲಿನ ಬಣ್ಣದ ಕರಡಿಯ ದನಿಯಲ್ಲಿ. ಬನಶ್ರೀ ಫೋನು ಕಸಿಯಲು ಕೈ ಚಾಚಿದಳು. ಆ ಸಣ್ಣ ಬೆರಳುಗಳು ಎಷ್ಟು ಬಿಗಿಯಾಗಿದ್ದವೆಂದರೆ ಬಿಡಿಸಬೇಕಾದರೆ ನೋಯಿಸಬೇಕಿತ್ತು. ಕೈ ಹಿಂದಕ್ಕೆ ತೆಗೆದುಕೊಂಡಳು.

ಮರುದಿನ ಬಿಸಿಲೇರುವ ಮೊದಲೇ ಸಿಂಬಿಯಿಟ್ಟು ಬೋರ್ಡನ್ನು ತಲೆಯ ಮೇಲೆ ಹೊತ್ತು ಹೊರಟಳು. ಓಣಿಯಲ್ಲಿ ನೋಡುವವರು ನೋಡಿದರು. ಮೋದಿನಸಾಬ ಟ್ಯೂಬನ್ನು ನೀರಲ್ಲಿ ಅದ್ದಿ ಗುಳ್ಳೆ ಹುಡುಕುತ್ತಿದ್ದವನು ಎದ್ದು ಬಂದು ಬೋರ್ಡು ಇಳಿಸಿಕೊಂಡ.

"ನೀ ಯಾಕ ಹೊತ್ತಿ ತಂಗಿ? ಹೇಳಿ ಕಳಿಸಿದ್ರ ನಾನ ಬರ್ತಿದ್ದೆ," ಅಂದ. ಬೋರ್ಡಿಗೆ ಅವಸರವೇನಿರಲಿಲ್ಲ, ಇಟ್ಟುಕೊಳ್ಳಬಹುದಿತ್ತು ಎಂದೂ ಅಂದ. ಮೊದಲು ಸಂಜೆಯಾದರೆ ಈ ಅಂಗಡಿಯ ಮುಂದೆ ಇದರ ಸುತ್ತ ಹುಡುಗರು ಜಗಳಾಡುತ್ತಿದ್ದರಂತೆ. ಈಗಲೂ ಬರುತ್ತಾರೆ, ಕಟ್ಟಿಗೆಯ ಬಾಕಿನ ಮೇಲೆ ಸಾಲಾಗಿ ಕೂತು ತಂತಮ್ಮ ಫೋನು ನೋಡಿ ಎದ್ದು ಹೋಗುತ್ತಾರೆ. "ವರ್ಷದ್ದು ಆದ ಮ್ಯಾಲೆ ಬಂದು ಒಯ್ಯಿ. ಇಲ್ಲೇ ಇರ್ತೈತಿ."

"ವರ್ಷ ಆಗೂದ್ರಾಗ ಅಕಿ ನನ್ನ ಕಡೆ ತಿರುಗಿ ನೋಡೂದನ್ನ ಬಿಟ್ಟಿರ್ತಾಳ್ರಿ," ಅಂದಳು ಬನಶ್ರೀ.

ಮೋದಿನಸಾಬ ಸುಮ್ಮನೆ ನಿಲ್ಲಲಾಗದೆ ಕೈಯಲ್ಲಿದ್ದ ಅರಿವೆಯಿಂದ ಬೋರ್ಡು ಒರೆಸಿದ. ಅರಿವೆ ಗ್ರೀಸಿನದು, ನಡುಮಧ್ಯದ ಚಕ್ರದ ಮೇಲೆ ಕರೀ ಪಟ್ಟೆ ಎಳೆಯಿತು. ಗಾಬರಿಯಾಗಿ ಅಂಗೈಯಿಂದ ತಿಕ್ಕಿದ. ಅದು ಇನ್ನಷ್ಟು ಹರಡಿತು.

"ಇರಲಿ ಬಿಡ್ರಿ," ಅಂದಳು ಬನಶ್ರೀ. ಕಾಯಿಯ ಡಬ್ಬಿಯನ್ನು ಬೋರ್ಡಿನ ಮೇಲಿಟ್ಟಳು.