ಗುರುವಾರದ ಪಟ್ಟಿ

ಟಕ್ — ಅಷ್ಟೇ, ಅಡುಗೆಮನೆಯಲ್ಲಿ ಫ್ರಿಜ್ಜು ನಿಂತಿತು, ನಿಂತ ಮೇಲೆಯೇ ಗೊತ್ತಾಯಿತು ಇಷ್ಟು ಹೊತ್ತೂ ಅದು ಗುಂಯ್‌ಗುಡುತ್ತಿತ್ತೆಂದು, ಪಕ್ಕದಲ್ಲಿ ಗಂಡನ ಉಸಿರು ಒಳಗೆ ಹೋಗಿ ಕ್ಷಣ ತಡೆದು ಹೊರಗೆ ಬರುತ್ತದೆ, ಬರುತ್ತದೆಯೇ, ಬಂತು, ಉಸಿರಿಗೆ ಹೀಗೆ ಕಿವಿಗೊಟ್ಟು ಮಲಗುವ ಅಭ್ಯಾಸ ನಿನ್ನೆಯವರೆಗೆ ಅವಳಿಗಿರಲಿಲ್ಲ, ಗ್ಯಾಸಿನ ನಾಬು, ಬಾಗಿಲ ಚಿಲಕ, ಬಚ್ಚಲ ನಲ್ಲಿ, ಇವಿಷ್ಟನ್ನು ಎರಡೆರಡು ಸಲ ಮುಟ್ಟಿ ಬಂದರೆ ಜಗತ್ತು ಬೆಳಗಿನತನಕ ಸುರಕ್ಷಿತವಾಗಿರುತ್ತಿತ್ತು, ಗ್ಯಾಸ್ ನಾನೇ ಆಫ್ ಮಾಡಿದೀನಿ ಕಣೇ, ನಿನಗೆ ಬಾಗಿಲ ಮೇಲೂ ನಂಬಿಕೆ ಇಲ್ಲ, ಬೀಗದ ಮೇಲೂ ಇಲ್ಲ, ನನ್ನ ಮೇಲಂತೂ ಮೊದಲಿಂದ್ಲೂ ಇಲ್ಲ, ಎಂದು ಅವನು ನಗುತ್ತಿದ್ದ, ಅವಳೂ ನಗುತ್ತಿದ್ದಳು, ಆಮೇಲೆ ಎದ್ದು ಹೋಗಿ ಮತ್ತೊಮ್ಮೆ ಮುಟ್ಟಿ ಬರುತ್ತಿದ್ದಳು. ಫ್ರಿಜ್ಜು ಈಗ ಮತ್ತೆ ಶುರುವಾಗಬೇಕು, ಅದು ತಾನಾಗಿ ನಿಲ್ಲುತ್ತದೆ, ತಾನಾಗಿ ಶುರುವಾಗುತ್ತದೆ, ಅದಕ್ಕೆ ಯಾರೂ ಲಾರಿಯಲ್ಲಿ ಏನನ್ನೂ ತಂದುಕೊಡಬೇಕಿಲ್ಲ, ಬಾಗಿಲಲ್ಲಿ ನಿಂತು ಮಗಳು ದಾರಿ ನೋಡಬೇಕಿಲ್ಲ, ಗಾಜಿನ ಹಿಂದೆ ಮುಳ್ಳು — ಬೇಡ, ಮುಳ್ಳು ಬೇಡ, ಬೇರೆ ಏನಾದರೂ.

ಫೋಲ್ಡರುಗಳು, ಅವನ್ನು ನೆನೆಯಬಹುದು, ಅವು ಎಷ್ಟು ಚೆನ್ನಾಗಿದ್ದವು. ಮನೆಮನೆಗೆ ಆಕ್ಸಿಜನ್ ಸಿಲಿಂಡರ್ ತಲುಪಿಸುವ ಕಂಪನಿ, ಡಾಕ್ಟರ ಚೀಟಿ, ಲಾರಿಗಳ ಓಡಾಟ, ಫೋನಿನಲ್ಲಿ ಬಂದ ದೂರು, ಎಲ್ಲ ಕಡೆಯಿಂದ ಬಂದು ಸುರಿಯುವ ಮಾಹಿತಿಯನ್ನು ತೊಳೆದು ಜೋಡಿಸಿ ಮನುಷ್ಯರು ಓದಬಲ್ಲ ಟೇಬಲ್ಲು ಮಾಡಿಕೊಡುವುದು ಅವಳ ಕೆಲಸ, ಒಂದೊಂದು ಟೇಬಲ್ಲಿಗೂ ಒಂದೊಂದು ಮಾಡೆಲ್, ಎಂದರೆ ಒಂದು ಫೈಲು, ಯಾವುದನ್ನು ಹೇಗೆ ತೊಳೆಯಬೇಕು, ಯಾವುದಕ್ಕೆ ಯಾವುದನ್ನು ಹೊಲಿಯಬೇಕು ಎಂಬ ವಿಧಾನವೆಲ್ಲ ಅದರಲ್ಲಿ, ರಾತ್ರಿ ಎಲ್ಲರೂ ಮಲಗಿದ ಮೇಲೆ ಯಂತ್ರ ಆ ಫೈಲುಗಳನ್ನು ಓಡಿಸಿ ಟೇಬಲ್ಲುಗಳನ್ನು ಹೊಸದಾಗಿ ಕಟ್ಟುತ್ತದೆ. ಅವಳು ಸೇರಿದಾಗ ನೂರಾರು ಫೈಲುಗಳು ಒಂದೇ ಫೋಲ್ಡರಿನಲ್ಲಿ, ಒಗೆಯಲು ಹಾಕಿದ ಬಟ್ಟೆಯ ಗುಡ್ಡೆಯ ಹಾಗೆ, ಒಂದರ ಹೆಸರು ಕೊನೆಯದು, ಇನ್ನೊಂದರ ಹೆಸರು ನಿಜವಾಗಿ ಕೊನೆಯದು, ಮತ್ತೊಂದು ದಯವಿಟ್ಟು ಮುಟ್ಟಬೇಡಿ, ಕಂಡಕೂಡಲೇ ಅವಳ ಮೈ ಉರಿದಿತ್ತು, ಅಮ್ಮನ ಮಗಳು ಅವಳು, ಬೀರುವಿನಲ್ಲಿ ಟವೆಲ್ಲಿನ ಮಡಿಕೆಯೆಲ್ಲ ಒಂದೇ ಕಡೆ ನೋಡಬೇಕೆನ್ನುವ ಅಮ್ಮ, ನಮ್ಮ ಹುಡುಗಿ ಒಂದು ಸೂಜಿ ಕಳೆದವಳಲ್ಲ ಎಂದು ನೆಂಟರೆದುರು ಹೇಳುವ ಅಮ್ಮ. ಹಾಗಾಗಿ ಕಚ್ಚಾ ಒಂದು, ನಡುವಿನದು ಒಂದು, ಸಿದ್ಧ ಒಂದು, ಸಿದ್ಧದ ಒಳಗೆ ರೋಗಿಗಳು, ಲಾರಿಗಳು, ದೂರುಗಳು, ವಾರಗಟ್ಟಲೆ ಒಂದೊಂದೇ ಫೈಲನ್ನು ಎತ್ತಿ ಅದರ ಜಾಗದಲ್ಲಿಟ್ಟಳು, ಸುಖ ಎಂದರೆ ಅದೇ, ಅದನ್ನು ನೋಡಿ ಒಪ್ಪಬೇಕಾದವನು ಆಫೀಸಿನ ತಾತ, ಮೂವತ್ತೂ ದಾಟದ ಹುಡುಗ, ಬಿಸಿಲಲ್ಲೂ ಸ್ವೆಟರ್ ಹಾಕಿ ಮಂಡಿನೋವು ಅನ್ನುತ್ತಾನೆಂದು ಇಟ್ಟ ಹೆಸರು, ಏನ್ರೀ ಇದು, ನನ್ನ ಮದುವೇಲೂ ಇಷ್ಟು ನೀಟಾಗಿರಲಿಲ್ಲ, ನೋಡೋದೇನಿದೆ, ಹಾಕಿಬಿಡಿ. ಹಾಕಿಬಿಟ್ಟಳು. ಬೆಳಿಗ್ಗೆ ಎಲ್ಲ ಸಾಲುಗಳೆದುರೂ ಹಸಿರು ಚುಕ್ಕೆ, ಒಂದಾದರೂ ಕೆಂಪಿಲ್ಲ, ಕೆಂಪು ಎಂದರೆ ಮತ್ತೆ ಅದೇ, ಮುಳ್ಳು.

ಫೋಲ್ಡರ್ ಬದಲಾದರೆ ಕೋಣೆ ಬದಲಾಗುತ್ತದೆ, ಕೋಣೆ ಎಂದರೆ ಯಂತ್ರದೊಳಗೆ ಟೇಬಲ್ಲು ಕೂರುವ ಜಾಗ, ಇಷ್ಟೇ, ಇದು ಅವಳಿಗೆ ಗೊತ್ತಿಲ್ಲದ್ದೇನಲ್ಲ, ಹೊಸದಾಗಿ ಸೇರಿದವರಿಗೆ ಅವಳೇ ಪಾಠ ಮಾಡಿದ್ದಳಲ್ಲ, ಫೈಲು ಯಾವ ಫೋಲ್ಡರಿನಲ್ಲಿದೆಯೋ ಅದರ ಟೇಬಲ್ಲು ಆ ಫೋಲ್ಡರಿಗೆ ಸೇರಿದ ಕೋಣೆಯಲ್ಲಿ ಕಟ್ಟಿಕೊಳ್ಳುತ್ತದೆ, ನೀವು ಫೈಲನ್ನು ಎತ್ತಿಟ್ಟರೆ ಆ ರಾತ್ರಿಯಿಂದ ಹೊಸ ಕೋಣೆಯಲ್ಲಿ ಹೊಸ ಟೇಬಲ್ಲು, ಆದರೆ ಹಳೇ ಕೋಣೆಯ ಟೇಬಲ್ಲನ್ನು ಯಾರೂ ಅಳಿಸುವುದಿಲ್ಲ, ಯಾರೂ ಹೊಸದು ಮಾಡುವುದೂ ಇಲ್ಲ, ಅದು ಕೊನೆಯ ದಿನದ ಮುಖ ಹೊತ್ತು ಹಾಗೇ ಕೂತಿರುತ್ತದೆ, ಕೇಳಿದವರಿಗೆ ಉತ್ತರ ಕೊಡುತ್ತಾ, ತಪ್ಪು ಎಂದು ಯಾವ ಗಂಟೆಯೂ ಬಾರಿಸದೆ. ಅದಕ್ಕೇ ಯಾವ್ಯಾವ ಸ್ಕ್ರೀನು ಯಾವ ಕೋಣೆಯಿಂದ ಓದುತ್ತದೆ ಎಂದು ಹುಡುಕಿ ಹುಡುಕಿ ಹೊಸ ಕೋಣೆಯ ಕಡೆ ತಿರುಗಿಸಿದ್ದಳು, ಮ್ಯಾನೇಜರ ಸ್ಕ್ರೀನು, ಗೋದಾಮಿನ ಸ್ಕ್ರೀನು, ಆದರೆ ಯಾವ ಮನೆಗೆ ಯಾವತ್ತು ಲಾರಿ ಎಂದು ನೋಡಿ ಕಳಿಸುವ ಡಿಸ್ಪ್ಯಾಚ್ ಅಕ್ಕನ ಸ್ಕ್ರೀನನ್ನು ಎಂದೋ ಯಾರೋ ಅವಸರದಲ್ಲಿ ಕೈಯಿಂದ ಕಟ್ಟಿಕೊಟ್ಟು ಕೆಲಸ ಬಿಟ್ಟು ಹೋಗಿದ್ದರು, ಎಲ್ಲೂ ಬರೆದಿಟ್ಟಿರಲಿಲ್ಲ, ಒಂದು ಸಲ ಹೋಗಿ ಅಕ್ಕ ನಿಮ್ಮದು ತೋರಿಸಿ ಎಂದಿದ್ದರೆ ಸಾಕಿತ್ತು, ಅಕ್ಕನ ಮೇಜು ಅವಳ ಕುರ್ಚಿಯಿಂದ ಕಾಣುತ್ತದೆ. ಚಿಕ್ಕವಳಿದ್ದಾಗ ಮನೆ ಬದಲಿಸಿದರು, ಬೆಕ್ಕನ್ನು ಬುಟ್ಟಿಯಲ್ಲಿಟ್ಟು ತಂದರೂ ಅದು ಮರುದಿನವೇ ಕಾಣೆ, ಅಪ್ಪನ ಜೊತೆ ಹುಡುಕಿಕೊಂಡು ಹೋದರೆ ಹಳೇ ಮನೆಯ ಮೆಟ್ಟಿಲ ಮೇಲೆ, ಬೀಗ ಹಾಕಿದ ಬಾಗಿಲ ಕಡೆ ಮುಖ ಮಾಡಿ, ಈಗ ಹಾಲು ಬರುತ್ತದೆ ಎಂಬಷ್ಟು ನಂಬಿಕೆಯಿಂದ ಕೂತಿತ್ತು, ಅದಕ್ಕೇನು ಗೊತ್ತು ಪಾಪ, ಎಂದಿದ್ದರು ಅಪ್ಪ, ನಾವು ಹೇಳಿದ್ವಾ ಅದಕ್ಕೆ.

ಅಕ್ಕನಿಗೆ ಅವಳು ಹೇಳಿದ್ದು ಬೇರೆ. ಡಿಸ್ಪ್ಯಾಚ್ ಅಕ್ಕ, ತಲೆಗೆ ಪೆನ್ನು ಸಿಕ್ಕಿಸಿಕೊಂಡು ಅದನ್ನೇ ಮೇಜಿನ ತುಂಬ ಹುಡುಕುವವಳು, ಏನ್ರೀ ಕಂಪ್ಯೂಟರಮ್ಮ, ನಿಮ್ಮ ಟೇಬಲ್ಲಿನ ಮೇಲೆ ಊಟ ಮಾಡಬೋದಾ ಎಂದು ಕಿಚಾಯಿಸುವವಳು, ಮೊದಲೆಲ್ಲ ಸಂಜೆ ಒಂದೊಂದು ಮನೆಗೂ ಫೋನು ಮಾಡಿ ನಾಳೆ ಬೇಕಾ, ಎಷ್ಟಿದೆ, ಎಂದು ಕೇಳುತ್ತಿದ್ದಳು, ಇನ್ನು ಅದೆಲ್ಲ ಯಾಕಕ್ಕ, ಸ್ಕ್ರೀನ್ ನಂಬಿ, ಅದರಲ್ಲಿ ಇದ್ದರೆ ಇದೆ, ಇಲ್ಲದಿದ್ರೆ ಇಲ್ಲ, ಎಂದವಳು ಇವಳೇ, ಅಯ್ಯೋ ನೀವು ಹೇಳಿದ ಮೇಲೆ ಮುಗೀತು ಬಿಡಿ, ಎಂದು ಅಕ್ಕ ಫೋನಿಟ್ಟಳು. ಹಳೇ ಪಟ್ಟಿಯಲ್ಲಿದ್ದ ಹಳೇ ಮನೆಗಳಿಗೆ ಹಳೇ ವಾರದಂತೆ ಸಿಲಿಂಡರ್ ಹೋಗುತ್ತಲೇ ಇತ್ತು, ಅದಕ್ಕೇ ಯಾರಿಗೂ ಏನೂ ಅನ್ನಿಸಲಿಲ್ಲ, ಆದರೆ ಬಡಗಿಗೆ ಮಾತ್ರ, ವಯಸ್ಸಾದ ಬಡಗಿ, ಮರದ ಪುಡಿ ಎದೆಯಲ್ಲಿ ತುಂಬಿಕೊಂಡವರು, ಮಗಳ ಜೊತೆ ಇರುವವರು, ಅವರಿಗೆ ಡಾಕ್ಟರು ಸೋಮವಾರದ ಜೊತೆ ಗುರುವಾರವೂ ಎಂದು ಹೊಸದಾಗಿ ಬರೆದರು, ಅದು ಹೊಸ ಕೋಣೆಯ ಟೇಬಲ್ಲಿಗೆ ಸರಿಯಾಗಿ ಬಂದು ಕೂತಿತು, ಅಕ್ಕನ ಸ್ಕ್ರೀನಿನಲ್ಲಿ ಬರೀ ಸೋಮವಾರ. ನಿನ್ನೆ ಗುರುವಾರ. ಲಾರಿ ಹೋಗಲಿಲ್ಲ, ಮಗಳು ಸಂಜೆಯವರೆಗೆ ಬರುತ್ತೆ ಬರುತ್ತೆ ಎಂದು ಅಪ್ಪನನ್ನು ಸಮಾಧಾನಪಡಿಸಿದಳಂತೆ, ಇವತ್ತು ನಸುಕಿನಲ್ಲಿ ಆಸ್ಪತ್ರೆ, ಈಗಲೂ ಕಣ್ಣು ಬಿಟ್ಟಿಲ್ಲ, ಯಂತ್ರ ಉಸಿರಾಡಿಸುತ್ತಿದೆ.

ಮಧ್ಯಾಹ್ನ ಮೀಟಿಂಗ್ ಕೋಣೆಯಲ್ಲಿ ಎಸಿ ತಣ್ಣಗೆ ಕೊರೆಯುತ್ತಿತ್ತು, ಅಕ್ಕ ನಿಂತೇ ಇದ್ದಳು, ಕೂತ್ಕೋ ಅಂತ ಯಾರೂ ಅನ್ನಲಿಲ್ಲ, ಸಾರ್, ನಾನು ನೋಡಿದಾಗ ಸೋಮವಾರ ಮಾತ್ರ ಇತ್ತು ಸಾರ್, ಮ್ಯಾನೇಜರು ತಮ್ಮ ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿದರು, ಇದೇನಮ್ಮ ಹಾಗಾದ್ರೆ, ಗುರುವಾರ, ಹೆಸರು, ವಿಳಾಸ, ಇಷ್ಟು ದಪ್ಪಗೆ ಬರ್ದಿದೆ, ಅಕ್ಕ ಬಗ್ಗಿ ನೋಡಿದಳು, ಬೆರಳಿಟ್ಟು ನೋಡಿದಳು, ಹೌದು ಸಾರ್, ಇದೆ, ನಾನೇ ನೋಡಿಲ್ಲ ಅನ್ಸುತ್ತೆ, ಹೇಗೆ ಬಿಟ್ಟೆ ನಾನು — ಆಗ ಇವಳಿಗೆ ಹೊಳೆಯಿತು, ಅಕ್ಕನ ಸ್ಕ್ರೀನು ಇನ್ನೂ ಹಳೇ ಕೋಣೆಯಿಂದ ಓದುತ್ತಿದೆ, ಅಲ್ಲೇ ಹೇಳಬಹುದಿತ್ತು, ಬಾಯಿ ತೆರೆದಳು ಕೂಡ, ತಾತ ನೀರು ಬೇಕಾ ಎಂದು ಲೋಟ ಸರಿಸಿದ, ಕುಡಿದಳು. ತನ್ನ ಕುರ್ಚಿಗೆ ಬಂದು ಹಳೇ ಕೋಣೆ ತೆರೆದಳು, ಇತ್ತು, ಟೇಬಲ್ಲು ಅಲ್ಲೇ ಇತ್ತು, ಅವಳು ಫೈಲು ಎತ್ತಿಟ್ಟ ದಿನದ ತಾರೀಖು ಹೊತ್ತು ಕೂತಿತ್ತು, ಬೆಕ್ಕಿನ ಹಾಗೆ ಮುಖ ಬಾಗಿಲ ಕಡೆ, ಬಡಗಿಯ ಹೆಸರೆದುರು ಸೋಮವಾರ. ಎಲ್ಲರೂ ಕಾಫಿಗೆ ಎದ್ದು ಹೋಗುವತನಕ ಕಾದಳು. ಅಕ್ಕನ ಸ್ಕ್ರೀನನ್ನು ಹೊಸ ಕೋಣೆಗೆ ತಿರುಗಿಸಿದಳು, ಇದು ರಿಪೇರಿ, ಮಾಡಲೇಬೇಕಾದದ್ದು, ನಾಳೆ ಇನ್ನೊಂದು ಮನೆಗೆ ಹೀಗಾಗಬಾರದು, ಆಮೇಲೆ ಹಳೇ ಟೇಬಲ್ಲನ್ನು ಅಳಿಸಿದಳು, ಇದೂ ರಿಪೇರಿಯೇ, ಹಳೆಯದನ್ನು ಇಟ್ಟುಕೊಳ್ಳಬಾರದು ಎಂದು ಪಾಠ ಮಾಡಿದವಳೇ ಅವಳು, ಅಳಿಸಲೇ ಎಂದು ಯಂತ್ರ ಕೇಳಿತು, ಹೌದು ಎಂದಳು. ಈಗ ಎಲ್ಲಿ ಕೇಳಿದರೂ ಗುರುವಾರ. ಎಲ್ಲ ಕಡೆ ಒಂದೇ ಉತ್ತರ, ಎಷ್ಟು ನೀಟು.

ದಿಂಬಿನ ಕೆಳಗೆ ಫೋನು ಬೆಳಕಾಗುತ್ತದೆ, ಆಸ್ಪತ್ರೆಯದೇ, ಅಲ್ಲ, ಅಕ್ಕ. ಮಲಗಿದ್ರೆ ಕ್ಷಮಿಸಿ, ನಾಳೆಯಿಂದ ಬರೋದು ಬೇಡ ಅಂದ್ರು, ಅವರದ್ದು ತಪ್ಪಿಲ್ಲ ಬಿಡಿ, ಒಂದೇ ಮಾತು ಕೇಳ್ತೀನಿ, ನಿಮ್ಮನ್ನ ಬಿಟ್ರೆ ಬೇರೆ ಯಾರಿಗೂ ಇದು ಗೊತ್ತಾಗಲ್ಲ, ಅದು ನಿಜವಾಗ್ಲೂ ಅಲ್ಲಿ ಇತ್ತಾ, ಸಂಜೆ ಹೊರಡೋಕೆ ಮುಂಚೆ ಇನ್ನೊಂದು ಸಲ ತೆಗೆದು ನೋಡಿದೆ, ಇದೆ, ಹಾಗಾದ್ರೆ ನನ್ನ ಕಣ್ಣಿಗೇನಾದ್ರೂ ಆಗಿದ್ಯಾ, ಭಯ ಆಗ್ತಿದೆ. ಓದಿದಳು, ಮತ್ತೆ ಓದಿದಳು, ಈಗ ಹೇಳು, ಇದೇ ಗಳಿಗೆ, ಅಕ್ಕ ನಿಮ್ಮ ಕಣ್ಣು ಸರಿಯಾಗಿದೆ, ಇಷ್ಟೇ ಬರೆ, ಬರೆದರೆ ನಾಳೆ ಆ ಮೀಟಿಂಗ್ ಕೋಣೆಯಲ್ಲಿ ನಿಲ್ಲುವವಳು ತಾನು, ತಪ್ಪಷ್ಟೇ ಆಗಿದ್ದರೆ ನಿಲ್ಲಬಹುದಿತ್ತು, ಅಳಿಸಿದ್ದು ಯಾಕಮ್ಮ ಎಂದರೆ, ಆಸ್ಪತ್ರೆಯ ಬಾಗಿಲಲ್ಲಿ ಆ ಮಗಳು ಯಾಕೆ ಎಂದರೆ, ನಮ್ಮ ಹುಡುಗಿ ಒಂದು ಸೂಜಿ ಕಳೆದವಳಲ್ಲ, ಬೆರಳು ತಾನಾಗಿ ಹೋಯಿತು, ಇತ್ತು ಅಕ್ಕ, ಅದು ಹೋಯಿತು, ಅಲ್ಲಿಗೆ ನಿಲ್ಲಿಸಬೇಕಿತ್ತು, ನಿಲ್ಲಲಿಲ್ಲ, ಕಣ್ಣು ಒಂದ್ಸಲ ಡಾಕ್ಟರಿಗೆ ತೋರಿಸಿಬಿಡಿ. ಆಯ್ತು ತಾಯಿ, ನೀವು ಹೇಳಿದ ಮೇಲೆ ಮುಗೀತು. ಏನಾಯ್ತೇ, ಎಂದ ಗಂಡ ನಿದ್ದೆಯಲ್ಲೇ, ಯಾರದು ಇಷ್ಟೊತ್ತಲ್ಲಿ, ಯಾರದೂ ಇಲ್ಲ, ಮಲ್ಕೊಳ್ಳಿ, ಎಂದಳು, ಇವನಿಗೂ ಹೇಳುವುದಿಲ್ಲ, ತಾತನಿಗಿಲ್ಲ, ಅಮ್ಮನಿಗಂತೂ ಇಲ್ಲ, ಬಡಗಿ ಕಣ್ಣು ಬಿಟ್ಟರೂ, ಬಿಡದೇ ಹೋದರೂ, ಯಾರಿಗೂ, ಎಂದಿಗೂ, ತೀರ್ಮಾನ ಇಷ್ಟು ಹಗುರವಾಗಿ ಬಂದು ಕೂತಿತಲ್ಲ ಎಂದು ಅವಳಿಗೇ ಬೆರಗು, ಫ್ರಿಜ್ಜು ಇನ್ನೂ ಶುರುವಾಗಿಲ್ಲ, ಯಾಕೆ ಇನ್ನೂ ಇಲ್ಲ, ಕೆಲಸಕ್ಕೆ ಸೇರಿದ ಹೊಸದರಲ್ಲಿ ಎಲ್ಲರನ್ನೂ ಗೋದಾಮಿಗೆ ಕರೆದುಕೊಂಡು ಹೋಗಿದ್ದರು, ಗೋದಾಮಿನವನು ಖಾಲಿ ಸಿಲಿಂಡರಿನ ಕತ್ತು ಹಿಡಿದು ಮೀಟರು ತೋರಿಸಿದ್ದ, ನೋಡಿ, ನೀವು ಕಂಪ್ಯೂಟರಿನವರು ಒಂದ್ಸಲ ನೋಡ್ಬೇಕು ಇದನ್ನ, ಮುಳ್ಳು ಇಲ್ಲಿಗೆ ಬರೋಕೆ ಮುಂಚೆ ನಾವು ಅವರ ಬಾಗಿಲಲ್ಲಿ ಇರ್ಬೇಕು, ಎಂದು ಉಗುರಿನಿಂದ ಗಾಜಿಗೆ ಹೊಡೆದ, ಟಕ್, ಕೆಂಪಿನ ಮೇಲೆ ಮಲಗಿದ ಮುಳ್ಳು ಅಲುಗಲಿಲ್ಲ, ಟಕ್, ಗಾಜು, ಕೆಂಪು, ಮಲಗಿದ ಮುಳ್ಳು, ಟಕ್, ಮುಳ್ಳು