ಗಂಟಲಿನ ಝಕಾರ

ಲಾಂಡ್ರಿ ಅಂಗಡಿಯ ಮೇಲಿನ ಕೋಣೆಯಲ್ಲಿ ಅವಳು ದೊಡ್ಡವರಿಗೆ ಇಂಗ್ಲಿಷ್ ಕಲಿಸುತ್ತಿದ್ದಳು. ಹೋಟೆಲಿನ ಅಡುಗೆಯವನು, ಬಸ್ ಡ್ರೈವರುಗಳು, ಒಬ್ಬ ನರ್ಸ್, ಹೀಗೆ ಕೆಲಸ ಮುಗಿಸಿ ಬಂದವರೆಲ್ಲ ಸಣ್ಣ ಬೆಂಚುಗಳಲ್ಲಿ ಮೊಣಕಾಲು ಮಡಚಿ ಹೇಗೋ ತೂರಿಕೊಳ್ಳುತ್ತಿದ್ದರು. ಎಲ್ಲರಿಗೂ ಅವಳು ‘ಮಿಸ್’. ಅವಳ ಅಚ್ಚುಮೆಚ್ಚಿನ ಪಾಠ ಸದ್ದಿನಿಂದಲೇ ಹುಟ್ಟಿದ ಪದಗಳದ್ದು. ಇಂಗ್ಲಿಷಿನಲ್ಲಿ ಹಾವು ಹಿಸ್ ಅನ್ನುತ್ತದೆ, ಜೇನುನೊಣ ಬಝ್ ಅನ್ನುತ್ತದೆ, ಸೋಡಾ ಫಿಝ್ ಎಂದು ಉಕ್ಕುತ್ತದೆ.

“ಗಂಟಲ ಮೇಲೆ ಕೈ ಇಡಿ. ಸ್‌ಸ್ ಅನ್ನಿ, ಗಂಟಲು ಸುಮ್ಮನಿರತ್ತೆ. ಝ್‌ಝ್ ಅನ್ನಿ, ನಡುಗತ್ತೆ. ಗೊತ್ತಾಯ್ತಾ?”

ಗಿರಿಜಾಮೀಸೆಯ ಡ್ರೈವರುಗಳು ಕತ್ತು ಹಿಡಿದುಕೊಂಡು ಝೇಂಕರಿಸುವುದನ್ನು ನೋಡಿದರೆ ಎಂಥ ಸಿಡುಕನೂ ನಗಬೇಕು.

“ಮಿಸ್, ನಮ್ಮಲ್ಲಿ ಬುಸ್ ಅನ್ನೋದು ಹಾವು. ಅವರ ಜೇನುನೊಣ ಅದನ್ನ ಯಾಕೆ ಕದ್ದಿತು?” ಅಂತ ಕೇಳಿದ್ದ ಅಡುಗೆಯವನು.

“ಕದ್ದು ಗಂಟಲಲ್ಲಿ ಬಚ್ಚಿಟ್ಕೊಂಡಿದೆ ಕಣಯ್ಯಾ. ಅದಕ್ಕೇ ಸ ಹೋಗಿ ಝ ಆಗಿದೆ!”

ಅವಳ ದನಿ ಒಡೆಯತೊಡಗಿದಾಗ ಸೀಮೆಸುಣ್ಣದ ಧೂಳೆಂದು ಬಿಸಿನೀರು ಕುಡಿದು ಕಾಲ ತಳ್ಳಿದಳು. ಗಂಡ ಬೈದು ಆಸ್ಪತ್ರೆಗೆ ಎಳೆದುಕೊಂಡು ಹೋಗುವ ಹೊತ್ತಿಗೆ ಗಡ್ಡೆ ಬಲಿತಿತ್ತು. ಜೀವ ಉಳಿಯಬೇಕಾದರೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಅಂದರು ಡಾಕ್ಟರು.

“ನಿಮ್ಮಮ್ಮಂಗೆ ಈಗ್ಲೇ ಹೇಳೋದು ಬೇಡ. ಹೆದರ್ಕೋತಾರೆ. ಎಲ್ಲಾ ಸರಿಹೋದ್ಮೇಲೆ ಹೇಳಿದ್ರಾಯ್ತು,” ಅಂದ ಗಂಡ. ಅವಳೂ ಹೂಂಗುಟ್ಟಿದಳು.

ಆಪರೇಷನ್ನಿನ ಹಿಂದಿನ ಸಂಜೆ ಅಮ್ಮನಿಗೆ ಫೋನ್ ಮಾಡಿದಳು. ಅಮ್ಮ ಕುಕ್ಕರಿನ ರಬ್ಬರ್ ಸಡಿಲವಾದದ್ದನ್ನು, ಮನೆಗೆ ಬಂದ ಸೊಸೆಗೆ ಅದರ ಪರಿವೆಯೇ ಇಲ್ಲದ್ದನ್ನು ಉದ್ದಕ್ಕೆ ಹೇಳಿಕೊಂಡರು. “ನಿನ್ನ ದನಿ ಯಾಕೆ ಕಟ್ಟಿದೆ? ನೆಗಡಿನಾ? ಇರು, ಯಾರೋ ಬಾಗಿಲು ತಟ್ತಿದಾರೆ. ನಾಳೆ ಮಾಡೇ,” ಎಂದು ಇಟ್ಟುಬಿಟ್ಟರು.

ಗಾಯ ಮಾಗಿದ ಮೇಲೆ ಆಸ್ಪತ್ರೆಯವರು ಟಾರ್ಚಿನಂಥ ಒಂದು ಯಂತ್ರ ಕೊಟ್ಟರು. ಗುಂಡಿ ಒತ್ತಿ ಕತ್ತಿಗೆ ಆನಿಸಿದರೆ ಅದು ಗುಂಯ್‌ಗುಡುತ್ತದೆ, ಆ ಸದ್ದನ್ನೇ ನಾಲಗೆ ತುಟಿಗಳಿಂದ ತಿದ್ದಿ ಮಾತಾಗಿಸಬೇಕು. ಅಭ್ಯಾಸ ಮಾಡಿ ಮಾಡಿ, ಒಂದು ದಿನ ತರಗತಿಗೆ ಹೋದಳು. ಹಠಕ್ಕೆ ಬಿದ್ದವಳಂತೆ ಅದೇ ಪಾಠ ತೆಗೆದಳು.

ಹಿಸ್ ಅಂದಳು. ಯಂತ್ರ ಅದನ್ನು ಹಿಝ್ ಮಾಡಿತು. ಯಂತ್ರ ತೆಗೆದು ಬರೀ ಬಾಯಲ್ಲಿ ಸ್‌ಸ್ ಅಂದಳು, ಚೊಕ್ಕವಾಗಿ ಬಂತು. ಹಾಗೆಯೇ ಬಝ್ ಅನ್ನಲು ಹೋದರೆ ಪಸ್ ಎಂದು ಗಾಳಿ ಹೋಯಿತು. ಯಂತ್ರವಿದ್ದರೆ ಎಲ್ಲವೂ ಜೇನುನೊಣ, ಇಲ್ಲದಿದ್ದರೆ ಎಲ್ಲವೂ ಹಾವು. ಅವಳಿಗೇ ನಗು ಬಂತು. ನಗುವಿಗೂ ಸದ್ದಿರಲಿಲ್ಲ. ಅಡುಗೆಯವನು ತಲೆ ತಗ್ಗಿಸಿ ಪುಸ್ತಕದ ಮೂಲೆ ಮಡಚುತ್ತಿದ್ದ. ಪಾಠ ಮುಗಿಸಿ ಕೆಳಗಿಳಿದವಳು ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ.

ಅಲ್ಲಿಯವರೆಗೆ ಅಮ್ಮನ ಫೋನ್ ಬಂದಾಗಲೆಲ್ಲ ಗಂಡ ಒಂದಲ್ಲ ಒಂದು ನೆಪ ಹೇಳುತ್ತಿದ್ದ. ಅಂದು ಅವಳೇ ನಂಬರ್ ಒತ್ತಿದಳು.

“ಅಮ್ಮಾ, ನಾನು.”

“ಏನೋ ಮಿಷಿನ್ನು ಮಾತಾಡ್ತಿದೆ ಕಣೋ, ಬರೀ ಗುಂಯ್ ಅನ್ನತ್ತೆ,” ಎಂದು ಅಮ್ಮ ಮಗನಿಗೆ ಹೇಳಿದ್ದು ಕೇಳಿಸಿತು. ಲೈನ್ ಕಟ್ಟಾಯಿತು.

ಮರುದಿನವೇ ಬಸ್ಸು ಹತ್ತಿ ಹೋದಳು. ಅಮ್ಮ ಬಾಗಿಲು ತೆರೆದು ಅವಳ ಮುಖ ನೋಡಿದರು, ಉಸಿರಾಡಲೆಂದು ಕತ್ತಿನಲ್ಲಿ ಮಾಡಿದ್ದ ತೂತು ನೋಡಿದರು, ಕೈಯಲ್ಲಿದ್ದ ಯಂತ್ರ ನೋಡಿದರು. ಒಳಗೆ ಕರೆದು ಕೂರಿಸಿ, ನೀರು ಕೊಟ್ಟು, ಎದುರಿಗೆ ಕೂತರು. ನಡೆದದ್ದನ್ನೆಲ್ಲ ಬರೆದು ಗಂಡ ಕಳಿಸಿದ್ದ ಚೀಟಿಯನ್ನು ಅಣ್ಣ ಓದಿ ಹೇಳಿದ. ಅಮ್ಮ ಅಳಲಿಲ್ಲ.

“ಆಪರೇಷನ್ನಿನ ಹಿಂದಿನ ದಿನ ಫೋನ್ ಮಾಡಿದ್ಯಲ್ಲ, ಆಗ್ಲೇ ಗೊತ್ತಿತ್ತಾ ನಿಂಗೆ?”

ಅವಳು ಹೌದೆಂದು ತಲೆಯಾಡಿಸಿದಳು.

“ಹಾಳು ಕುಕ್ಕರ್ ಬಗ್ಗೆ ಒದರಿದ್ನಲ್ಲೇ ನಾನು! ಒಂದು ಮಾತು ಹೇಳಿದ್ರೆ ನಾನು ಬಾಯ್ಮುಚ್ಕೊಂಡು ಕೂತು ನಿನ್ನ ದನಿ ಕೇಳ್ತಿದ್ದೆ. ರಾತ್ರಿಯೆಲ್ಲಾ ಕೇಳ್ತಿದ್ದೆ. ಬಾಗಿಲಲ್ಲಿ ಯಾರಿದ್ರು ಗೊತ್ತಾ? ಪಕ್ಕದ್ಮನೆಯವಳು, ಸಕ್ಕರೆಗೆ.”

ಅವಳು ಯಂತ್ರವನ್ನು ಕತ್ತಿಗೆ ತಂದಳು. ತಪ್ಪಾಯ್ತು ಅಂದಳು. ಅಮ್ಮನಿಗೆ ತಿಳಿಯಲಿಲ್ಲ. ಮತ್ತೆ ಅಂದಳು. ಆಗಲೂ ತಿಳಿಯಲಿಲ್ಲ. ಮೂರನೆಯ ಸಲ ಅಮ್ಮ ಅವಳ ತುಟಿಯನ್ನೇ ನೋಡುತ್ತ, “ಇರಲಿ ಬಿಡೇ,” ಅಂದರು. ಅರ್ಥವಾಗಿ ಅಂದರೋ ಆಗದೆಯೇ ಅಂದರೋ ಅವಳಿಗೆ ಗೊತ್ತಾಗಲಿಲ್ಲ.

ಫೋನಿನ ಮಾತು ಸಾಗದ್ದರಿಂದ ಆಮೇಲೆ ಭಾನುವಾರಗಳಂದು ಅವಳೇ ಹೋಗಿಬರತೊಡಗಿದಳು. ನಿಧಾನಕ್ಕೆ ಅಮ್ಮನಿಗೆ ಆ ಗುಂಯ್‌ಗಾಟ ಅರ್ಧಕ್ಕರ್ಧ ಹಿಡಿತಕ್ಕೆ ಸಿಕ್ಕಿತು. ಮನೆಗೆ ಬಂದವರಿಗೆ ತಾವೇ ಬಿಡಿಸಿ ಹೇಳುತ್ತಿದ್ದರು, ಕೆಲವೊಮ್ಮೆ ಮಗಳು ಹೇಳದೆ ಇದ್ದದ್ದನ್ನೂ ಸೇರಿಸಿ. ಆದರೆ ಬಹುಕಾಲದ ಅಭ್ಯಾಸ ಬಿಡುವುದು ಸುಲಭವಲ್ಲ. ಒಳಗಿನಿಂದ ಪಾತ್ರೆ ತೊಳೆಯುತ್ತ, “ಏನೇ, ಟೀಗೆ ಸಕ್ಕರೆ ಎಷ್ಟು ಹಾಕ್ಲಿ?” ಎಂದು ಕೂಗುತ್ತಿದ್ದರು. ಉತ್ತರಕ್ಕೆ ಕಾಯುತ್ತಿದ್ದರು. ಆಮೇಲೆ ನಲ್ಲಿ ನಿಲ್ಲುತ್ತಿತ್ತು. ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು ಅವಳ ಎದುರು ನಿಲ್ಲುತ್ತಿದ್ದರು.