ಅಜೋವಾ ಕೂತ ಕಾಲ್ಮಣೆ

ನಾನು ಒಂದು ಕಾಲ್ಮಣೆ. ಘಾನಾ ದೇಶದ ಕುಮಾಸಿಯಲ್ಲಿ ಬಡಗಿಯೊಬ್ಬ ಒಂದೇ ದಿಮ್ಮಿ ಕೆತ್ತಿ ನನ್ನನ್ನು ಮಾಡಿದ. ಮೈಯಲ್ಲಿ ಒಂದು ಮೊಳೆಯೂ ಇಲ್ಲ. ಜಂಬ ಅಂತೀರೋ? ಅನ್ನಿ, ನನಗೇನು!

ಕಥೆ ಹೇಳುವ ಅಜ್ಜಿಯೊಬ್ಬಳು ನನ್ನ ಮೇಲೆ ಇಪ್ಪತ್ತು ವರ್ಷ ಕೂತಳು. ಮೊಮ್ಮಗಳು ಅಜೋವಾ ನಾಟಕ ಕಲಿಯಲು ಮೈಸೂರಿಗೆ ಹೊರಟಾಗ ನನ್ನನ್ನೂ ಗಂಟುಕಟ್ಟಿ ಕಳಿಸಿದಳು. ನಮ್ಮಲ್ಲಿ ಕೂತೆದ್ದ ಮೇಲೆ ಮಣೆಯನ್ನು ಮಗ್ಗುಲಿಗೆ ಮಲಗಿಸುತ್ತಾರೆ. ಮೈಸೂರಿನ ಬಾಡಿಗೆಮನೆಯ ಓನರಮ್ಮ "ಅಯ್ಯೋ, ಬಿದ್ದುಹೋಗಿದೆ" ಅಂತ ದಿನಾ ಎತ್ತಿ ನಿಲ್ಲಿಸಿ, ಮೇಲೆ ಇಸ್ತ್ರಿಪೆಟ್ಟಿಗೆ ಇಡುತ್ತಿದ್ದಳು. ಆರು ವರ್ಷ ನನಗೆ ನೆಟ್ಟಗೆ ನಿದ್ದೆಯಿಲ್ಲ.

ಅಜೋವಾ ಕನ್ನಡ ಕಲಿತಳು, ಕನ್ನಡದಲ್ಲೇ ಕಥೆ ಬರೆದಳು. ಎಲ್ಲಿ ಹೇಳಿದರೂ ಜನ ಪಿಟಿಕ್ಕೆನ್ನದೆ ಕೂತಿದ್ದು ಎದ್ದುಹೋಗುತ್ತಿದ್ದರು. ಕೊನೆಗೆ ಒಂದು ದೊಡ್ಡ ರಂಗಮಂದಿರ ಸಿಕ್ಕಿತು. "ಇದೂ ಕೈಕೊಟ್ಟರೆ ಕಥೆ ಹೇಳೋದೇ ಬಿಟ್ಟು ಊರಿಗೆ ಹೋಗ್ತೀನಿ" ಅಂದಳು. ಟಿಕೆಟ್ಟೂ ತೆಗೆಸಿದ್ದಳು.

ಅಜೋವಾ ನನ್ನ ಮೇಲೆ ಕೂತು ಆಮೆಯ ಕಥೆ ಶುರುಮಾಡಿದಳು. ನಾನೂರು ಜನ ಕೈಕಟ್ಟಿ ಕೂತಿದ್ದಾರೆ, ಒಂದು ಕೆಮ್ಮೂ ಇಲ್ಲ. ಆಮೆ ನದಿ ದಾಟುವಷ್ಟರಲ್ಲಿ ಅಜೋವಾ ನಿಲ್ಲಿಸಿಯೇಬಿಟ್ಟಳು. ಅವಳು ಎದ್ದು ಹೊರಡಲು ಹವಣಿಸಿದ್ದು ಮೊದಲು ಗೊತ್ತಾಗಿದ್ದು ನನಗೆ, ಇನ್ಯಾರಿಗೆ?

ಮುಂದಿನ ಸಾಲಿನಲ್ಲಿದ್ದ ರಿಟೈರ್ಡ್ ನರ್ಸ್ ಪುಟ್ಟತಾಯಮ್ಮ ಕೇಳಿದರು: "ಯಾಕವ್ವಾ ನಿಲ್ಲಿಸ್ದೆ?"

"ನಮ್ಮೂರಲ್ಲಿ ಕಥೆ ಚೆನ್ನಾಗಿದ್ರೆ ಕೇಳೋರು ಮಧ್ಯೆ ಬಾಯಿ ಹಾಕ್ತಾರೆ, ಹಾಡ್ತಾರೆ. ನೀವು ಸುಮ್ಮನಿದ್ದೀರಿ. ನಿಮಗೆ ಹಿಡಿಸ್ಲಿಲ್ಲ."

"ಅಯ್ಯೋ ನನ್ ಕಂದಾ! ಮರ್ಯಾದೆಗೆ ಬಾಯಿ ಮುಚ್ಕೊಂಡಿದ್ದೀವಿ ಕಣೇ! ಮನೇಲಾದ್ರೆ ನಾವೂ ಮಾತ್‌ಮಾತಿಗೂ ಹೂಂಗುಟ್ತೀವಿ. ಏಯ್, ಎಲ್ಲರೂ ಹೂಂ ಅನ್ರೋ!"

ನಾನೂರು ಹೂಂ! ಆಮೇಲೆ ಕೇಳಬೇಕೆ? ಒಬ್ಬರು ಆಮೆಗೇ ಬುದ್ಧಿ ಹೇಳಿದರು. ಆಮೆಯ ಮದುವೆ ಬಂದಾಗ ಹಿಂದಿನ ಸಾಲಿನ ಹೆಂಗಸರು ಸೋಬಾನೆ ಎತ್ತಿಕೊಂಡರು. ಒಂದು ಗಂಟೆಯ ಕಥೆ ಮೂರು ಗಂಟೆ ಎಳೆಯಿತು. ಅಜೋವಾ ಟಿಕೆಟ್ಟು ಹರಿದು ಬಿಸಾಕಿದಳು.

ಮುಂದೆ ಊರೂರು ತಿರುಗಿದೆವು, ಅವಳ ಪುಸ್ತಕಗಳೂ ಬಂದವು. ಈಗ ನನ್ನ ಮೈ ಸೀಳುಬಿಟ್ಟಿದೆ. ಅವಳೂ ಒಸಿ ದಪ್ಪಗಾಗಿದ್ದಾಳೆ, ಹೇಳಿದರೆ ಮುನಿಸಿಕೊಳ್ಳುತ್ತಾಳೆ. ಅವಳ ಬರೆಯುವ ಕೋಣೆಯ ಮೂಲೆಯಲ್ಲಿ ನನಗೆ ಪಿಂಚಣಿ ಬದುಕು. ಚಪ್ಪಾಳೆಗಳೆಲ್ಲ ಮರೆತೇಹೋಗಿವೆ. ಆದರೆ ಅವತ್ತು ಪರದೆ ಬಿದ್ದ ಮೇಲೆ ಅವಳು ನನ್ನ ಮೇಲೆ ಕುಸಿದು ಕೂತು, ಪುಟ್ಟತಾಯಮ್ಮನ ಕೈ ಹಿಡಿದು ಬಿಕ್ಕಿ ಬಿಕ್ಕಿ ಅತ್ತು ಹೇಳಿದ್ದು ಮರೆತಿಲ್ಲ:

"ಆರು ವರ್ಷದಿಂದ ಇಲ್ಲಿ ಯಾರಿಗೂ ನಾನು ಬೇಡ ಅಂದ್ಕೊಂಡಿದ್ದೆ, ಅಮ್ಮಾ."